ದಾಟದೆ ಉಳಿದ ಗೇಟು

ಫಿಂಟನ್ ಎಂಥ ಮೊಂಡ ಎಂಬುದು ಅನ್ನಪೂರ್ಣವ್ವನಿಗೆ ಗೊತ್ತಿರದ ಸಂಗತಿಯೇನಲ್ಲ. ಹ್ಯಾಮರ್ ಎಸೆತದ ಆಟಗಾರನೆಂದು ಕಾಲೇಜಿನ ಸ್ಕಾಲರ್‌ಶಿಪ್ ಹಿಡಿದು ಐರ್ಲೆಂಡಿನಿಂದ ಸ್ಯಾನ್ ಡಿಯಾಗೋಗೆ ಬಂದ ಆಳು. ಭುಜ ಕೈಕೊಟ್ಟ ಮೇಲೆ ಬಂದರಿನಲ್ಲಿ ಮೂಟೆ ಹೊತ್ತ, ಕೂಲಿಯವರ ಪರ ಗಂಟಲು ಹರಿದುಕೊಂಡ, ಕೊನೆಗೆ ಲಾಸ್ ಏಂಜಲೀಸಿನ ನರ್ಸುಗಳ ಯೂನಿಯನ್ನಿಗೂ ಲೀಡರ್ ಆದ. ಗದಗಿನಿಂದ ಬಂದು ಅಲ್ಲಿ ನರ್ಸಾಗಿದ್ದ ಈ ಹೆಂಗಸಿನ ಕೈಗೆ ಮೊದಲ ಸಲ ಮೈಕ್ ಕೊಟ್ಟು, "ಹೆದರಬೇಡ, ಬೈದುಬಿಡು" ಎಂದವನೂ ಅವನೇ.

2004ರ ಮುಷ್ಕರದ ಹನ್ನೊಂದನೆಯ ದಿನ, ಆಸ್ಪತ್ರೆಯ ಗೇಟಿನೆದುರು ಘೋಷಣೆ ಕೂಗುತ್ತಿದ್ದವನು ಎದೆ ಹಿಡಿದು ಕುಸಿದು ಕೂತ. ಮೈಯೆಲ್ಲ ಬೆವರು. ಇಪ್ಪತ್ತು ವರ್ಷ ಹಾರ್ಟ್ ವಾರ್ಡಿನಲ್ಲಿ ದುಡಿದ ಅನ್ನಪೂರ್ಣವ್ವನಿಗೆ ಅದು ಹಾರ್ಟ್ ಅಟ್ಯಾಕ್ ಎಂದು ಬೇರೆ ಹೇಳಬೇಕೇ? ಎಮರ್ಜೆನ್ಸಿ ಬಾಗಿಲು ನೂರು ಹೆಜ್ಜೆಯೂ ಇರಲಿಲ್ಲ.

"ಏಳು, ಒಳಗ ನಡಿ" ಎಂದಳು.

"ಮುಷ್ಕರ ಮುಗಿಯೋವರೆಗೂ ಈ ಗೇಟು ನಾನು ದಾಟಲ್ಲ."

"ರೋಗಿಗಳನ್ನ ತಡೀಬಾರದು ಅಂತ ರೂಲ್ ಮಾಡಿದಾಂವ ನೀನ ಅಲ್ಲೇನು?"

"ಅದು ರೋಗಿಗಳಿಗೆ. ನಾನು ಲೀಡರ್. ಟೀವಿಯವರು ನೋಡ್ತಿದಾರೆ. ಆಂಬುಲೆನ್ಸೂ ಬೇಡ, ಅದರವರು ಹತ್ತಿರದ್ದು ಅಂತ ಈ ಆಸ್ಪತ್ರೆಗೇ ಸೇರಿಸ್ತಾರೆ. ಬೇರೆ ಆಸ್ಪತ್ರೆಗೆ ಡ್ರೈವ್ ಮಾಡು."

ಏನು ಹಟವೋ, ಯಾರ ಕರ್ಮವೋ! ಊಟದ ಡಬ್ಬಿ ತಂದಿದ್ದ ಗಂಡ ಹಾಲಪ್ಪ ಆಗಲೇ ಕಾರಿನ ಬಾಗಿಲು ತೆಗೆದಿದ್ದ. "ದೊಡ್ಡ ಮನಷ್ಯಾ, ಅಷ್ಟ ಹೇಳಾಕತ್ತಾನ. ಅವನ ಮಾತು ಮೀರಬ್ಯಾಡ" ಎಂದ. ಹಾಲಪ್ಪನೋ, ಹಿರಿಯರ ಮಾತಿಗೆ ಎದುರಾಡದೆ ಬೆಳೆದ ಜೀವ. ಡಾಕ್ಟರರ ಮೇಲೇ ರೇಗುವ ನರ್ಸು, ಆ ಹೊತ್ತಿನಲ್ಲಿ ಬಾಯಿಮುಚ್ಚಿಕೊಂಡು ಕಾರು ಹತ್ತಿದಳು.

ಫ್ರೀವೇ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಅವನ ಉಸಿರು ನಿಂತಿತು; ಎದೆ ಒತ್ತಿ ಒತ್ತಿ ಅವಳ ಕೈ ಸೋತಿತು. ಹಾಲಪ್ಪ ಸುಮ್ಮನೆ ಹಾರ್ನ್ ಬಾರಿಸುತ್ತಲೇ ಇದ್ದ. ಮುಂದಿನ ಕಾರು ಕದಲುವ ಮೊದಲೇ ಫಿಂಟನ್ ಹೋಗಿಬಿಟ್ಟ.

ಸ್ಯಾನ್ ಡಿಯಾಗೋದ ಚರ್ಚಿನಲ್ಲಿ ಮಣ್ಣು ಮಾಡುವ ದಿನ ಜನವೋ ಜನ. ಪ್ರಾಣ ಬಿಟ್ಟನೇ ಹೊರತು ಗೇಟು ದಾಟಲಿಲ್ಲ ಎಂದು ಒಬ್ಬೊಬ್ಬರೂ ಎದ್ದು ನಿಂತು ಹೊಗಳಿದರು, ಚಪ್ಪಾಳೆ ತಟ್ಟಿದರು. ಅನ್ನಪೂರ್ಣವ್ವ ಮಾತ್ರ ತಟ್ಟಲಿಲ್ಲ. ಇವರ ಹೊಗಳಿಕೆಗಿಷ್ಟು ಬೆಂಕಿ ಹಾಕ! ಬದುಕಬಹುದಾಗಿದ್ದ ಮನುಷ್ಯ ಸತ್ತಿದ್ದ, ಅದು ಅವಳೊಬ್ಬಳಿಗೆ ಗೊತ್ತಿತ್ತು.

ಎಲ್ಲ ಮುಗಿದ ಮೇಲೆ ಅವನ ಹೆಂಡತಿ ನೋರಾ ಬಂದು ಅವಳ ಕೈ ಹಿಡಿದುಕೊಂಡಳು. "ನಿಜ ಹೇಳು. ನೀನು ಗೇಟಿನೊಳಗೆ ಎಳ್ಕೊಂಡು ಹೋಗಿದ್ರೆ ಬರ್ತಿದ್ನಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳಿಂದ ಆಗಲಿಲ್ಲ.

"ಬರ್ತಿದ್ದ, ನೋರಾ. ನನ್ನ ಕೈ ಕೊಡವಿ ಬಿಡಿಸ್ಕೊಳ್ಳೋ ಶಕ್ತಿನೂ ಆಗ ಅವಂಗ ಇರಲಿಲ್ಲ."

ನೋರಾ ಹಿಡಿದಿದ್ದ ಕೈ ಬಿಟ್ಟಳು.