ಹನ್ನೊಂದನೆಯ ಮೆಟ್ಟಿಲಿನ ಮೇಸ್ತ್ರಿ

ನನ್ನ ಮಾವನವರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಮೆಟ್ಟಿಲನ್ನು. ತಲೆ ತಗ್ಗಿಸಿ, ಎಡಗೈಯನ್ನು ಬೆನ್ನ ಹಿಂದೆ ಮಡಿಸಿ, ತುಟಿಯೊಳಗೇ ಎಣಿಸುತ್ತ, ಒಂದೊಂದು ಹೆಜ್ಜೆಗೂ ಕ್ಷಣಕಾಲ ನಿಂತು ಹತ್ತುವ ಅವರನ್ನು ಕಂಡ ಅಪರಿಚಿತರು ‘ಎಂಥ ವಿನಯವಂತರು’ ಎಂದುಕೊಳ್ಳುವುದುಂಟು. ಮೇಲೆ ತಲುಪಿ, ಕುಶಲಪ್ರಶ್ನೆಗೂ ಮೊದಲೇ, “ನಿಮ್ಮ ನಾಲ್ಕನೇದು ಸ್ವಲ್ಪ ಗಿಡ್ಡ ಆಯ್ತು” ಎಂದು ಅವರು ಹೇಳಿದ ಮೇಲೆ ಆ ಅಭಿಪ್ರಾಯ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಐವತ್ತು ವರ್ಷ ಕಲ್ಲು ಗಾರೆಯ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ. ಮನೆಯಲ್ಲಿದ್ದಾರೆ ಎಂಬುದು ಹೆಸರಿಗೆ ಮಾತ್ರ. ಬೇಸಿಗೆಯಲ್ಲೂ ಬಿಡದ ಬೂದು ಬಣ್ಣದ ಕೋಟಿನ ಒಳಜೇಬಿಗೆ ನನ್ನ ಅತ್ತೆ ಹಳೆಯ ದಿಂಬಿನ ಬಟ್ಟೆ ಸೇರಿಸಿ ಮೊಣಕಾಲಿನವರೆಗೆ ಉದ್ದ ಮಾಡಿಕೊಟ್ಟಿದ್ದಾರೆ. ಅದರೊಳಗೆ ಅವರ ಮರದ ಅಳತೆಗೋಲು. ಕುಳಿತರೆ ಕೋಲಿನ ತುದಿ ಕೊರಳಪಟ್ಟಿಯ ಪಕ್ಕದಿಂದ ಇಣುಕಿ ಗಲ್ಲಕ್ಕೆ ಚುಚ್ಚುತ್ತದೆ. ಅದನ್ನು ತೆಗೆದಿಡಿ ಎಂದರೆ ಗಲ್ಲವನ್ನೇ ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ. ಡಾಕ್ಟರು ರಕ್ತದೊತ್ತಡ ಹೆಚ್ಚಿದೆ ಎಂದರೂ, ಮಗಳು ಮಗು ಒಂದು ಗೇಣು ಬೆಳೆದಿದೆ ಎಂದರೂ, ಅವರ ಉತ್ತರ ಒಂದೇ: “ಇರಲಿ, ಅಳೆದು ನೋಡೋಣ.”

ನನ್ನನ್ನೂ ಅವರು ಹಾಗೇ ಒಪ್ಪಿಕೊಂಡದ್ದು. ಮದುವೆಯ ಮಾತುಕತೆಗೆ ನಮ್ಮ ಮನೆಗೆ ಬಂದವರು ನನ್ನ ವಿದ್ಯೆ, ಮೇಷ್ಟರ ಉದ್ಯೋಗ, ಕುಲಗೋತ್ರ ಯಾವುದನ್ನೂ ಕೇಳದೆ ಮಹಡಿಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದರು. ನನ್ನ ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿದ್ದರು. ಆಮೇಲೆ ಮಾವನವರು ಹೆಂಡತಿಯ ಕಡೆ ತಿರುಗಿ, “ಸಮವಾಗಿದೆ ಕಣೇ. ಕೊಡಬಹುದು” ಎಂದರು. ಆ ಮನೆ ನಾವು ಕಟ್ಟಿಸಿದ್ದಲ್ಲ, ಬಾಡಿಗೆಯದು ಎಂಬ ಸತ್ಯವನ್ನು ನಾನು ಮದುವೆ ಮುಗಿಯುವವರೆಗೂ ಬಾಯಿಬಿಡಲಿಲ್ಲ.

ಅವರ ಈ ಹುಚ್ಚಿಗೆ ಒಂದು ತತ್ವವಿದೆ, ಅದನ್ನು ಕೇಳದೆ ಅವರ ಮನೆಯಲ್ಲಿ ಒಂದು ತುತ್ತೂ ಇಳಿಯುವುದಿಲ್ಲ. “ಕಣ್ಣು ಮೊದಲನೇ ಮೆಟ್ಟಿಲು ನೋಡತ್ತೆ ಅಷ್ಟೇ. ಉಳಿದಿದ್ದನ್ನೆಲ್ಲ ಕಾಲು ನಂಬತ್ತೆ. ನಂಬಿದ ಕಾಲಿಗೆ ಮೋಸ ಮಾಡಬಾರದು.” ಒಂದು ಕಿರುಬೆರಳಿನ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು, ಕಾಲು ಮಾತ್ರ ಹಿಡಿದೇ ಹಿಡಿಯುತ್ತದೆ, ಹಿಡಿದ ಮರುಕ್ಷಣ ಮನುಷ್ಯ ಮುಗ್ಗರಿಸುತ್ತಾನೆ ಎಂಬುದು ಅವರ ಶಾಸ್ತ್ರದ ಸಾರ. ಕೈಗೂ ಅದೇ ನ್ಯಾಯ. ಅತ್ತೆಯ ಸೌಟಿನ ಹಿಡಿಯನ್ನು ಅವರು ಎಷ್ಟು ಸಲ ಬಗ್ಗಿಸಿ, ಬಡಿದು, ಮತ್ತೆ ಬಗ್ಗಿಸಿದ್ದರೆಂದರೆ, ಈಗ ಅದರಿಂದ ಗಂಜಿ ಬಡಿಸಿದರೆ ಒಂದು ಹನಿಯೂ ಮಣಿಕಟ್ಟಿಗೆ ಇಳಿಯುವುದಿಲ್ಲ. ಆ ಸೌಟನ್ನು ಬಂದವರಿಗೆಲ್ಲ ತೋರಿಸುತ್ತಾರೆ, ಕೆಲವರಿಗೆ ಎರಡೆರಡು ಸಲ.

ಇಂಥವರ ಕೈಯಿಂದಲೂ ಒಂದು ತಪ್ಪು ನಡೆದಿತ್ತು, ಅದೂ ಊರೆಲ್ಲ ನಡೆದಾಡುವ ಜಾಗದಲ್ಲಿ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ನಮ್ಮ ಬೀದಿಯ ಕೊನೆಯ ಪ್ರಾರ್ಥನಾಮಂದಿರಕ್ಕೆ ಹನ್ನೊಂದು ಮೆಟ್ಟಿಲು ಕಟ್ಟಿದರು. ಎತ್ತರದ ಲೆಕ್ಕ ಹಾಕುವಾಗ, ಒಳಗಿನ ನೆಲಕ್ಕೆ ಆಮೇಲೆ ಹಾಸಲಿದ್ದ ಚಪ್ಪಡಿಯ ದಪ್ಪವನ್ನು ಸೇರಿಸುವುದು ಮರೆತುಹೋಯಿತು. ಹತ್ತು ಮೆಟ್ಟಿಲು ಸಮ. ಬಾಗಿಲ ನೆಲಕ್ಕೆ ಕಾಲಿಡುವ ಹನ್ನೊಂದನೆಯದು ಮಾತ್ರ ಒಂದು ಹೆಬ್ಬೆರಳಿನಷ್ಟು ಎತ್ತರ. ಅಲ್ಲಿ ಎಲ್ಲರೂ ಎಡವುತ್ತಿದ್ದರು, ಎಡವಿದವರು ಮುಂದಕ್ಕೆ ಬಾಗಿ ಬಾಗಿಲಚೌಕಟ್ಟು ಹಿಡಿದು ಒಳಗೆ ಬರುತ್ತಿದ್ದರು. ತಪ್ಪು ಹೊರಬೀಳುವ ಮೊದಲೇ ಯಾರೋ ಪುಣ್ಯಾತ್ಮರು ಅದಕ್ಕೊಂದು ಅರ್ಥ ಹಚ್ಚಿಬಿಟ್ಟರು. ಅಹಂಕಾರಿಯನ್ನೂ ತಲೆ ಬಾಗಿಸದೆ ಒಳಗೆ ಬಿಡದ ಮೆಟ್ಟಿಲು ಅದು, ಕಟ್ಟಿದವನ ಒಳಗಣ್ಣಿಗೆ ಹೊಳೆದದ್ದು ಎಂದರು. ‘ಬಾಗಿಸುವ ಮೆಟ್ಟಿಲು’ ಎಂಬ ಹೆಸರೂ ಬಂತು. ಮಂದಿರದ ಹಿರಿಯರು ವರ್ಷಕ್ಕೊಮ್ಮೆಯಾದರೂ ಅದರ ಮೇಲೆ ಉಪನ್ಯಾಸ ಮಾಡುವಾಗ, ಮಾವನವರು ಮೂರನೆಯ ಸಾಲಿನಲ್ಲಿ ಕುಳಿತು ಕೋಟಿನ ಗುಂಡಿ ತಿರುವುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು. ಇನ್ನೂ ದೊಡ್ಡ ತೊಡಕೆಂದರೆ, ‘ಆ ಮೆಟ್ಟಿಲು ಕಟ್ಟಿದ ಹುಡುಗ’ ಎಂಬ ಒಂದೇ ಕಾರಣಕ್ಕೆ ಅತ್ತೆಯ ತಂದೆ ಅವರಿಗೆ ಹೆಣ್ಣು ಕೊಟ್ಟಿದ್ದರು.

ಹೀಗೆ ನಲವತ್ತು ವರ್ಷ ಕಳೆಯಿತು. ಅತ್ತೆ ವಾರಕ್ಕೊಮ್ಮೆ ಮಂದಿರದ ಸಹಪಂಕ್ತಿಯ ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ, ತಾವೇ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಯಾರಾದರೂ ಸಹಾಯಕ್ಕೆ ಬಂದರೆ “ನನ್ನ ಪುಣ್ಯಕ್ಕೆ ಪಾಲುದಾರರು ಬೇಡ” ಎಂದು ನಗುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹನ್ನೊಂದನೆಯದರಲ್ಲಿ ಅವರ ಕಾಲು ತಾಗಿತು. ಬಲಗೈ ಮುರಿಯಿತು, ಕುದಿಯುವ ಗಂಜಿ ಚೆಲ್ಲಿ ಪಾದ ಬೆಂದಿತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವರು ಹೇಳಿದ ಮಾತು ಇಷ್ಟು: “ಏನೋ ಮನೆ ಯೋಚನೆ ಮಾಡ್ತಾ ಹತ್ತಿದೆ. ಅದಕ್ಕೇ ಬಾಗಿಸ್ತು.”

ನಾನು ಅಲ್ಲೇ ಇದ್ದೆ. ಮಾವನವರು ಹೆಂಡತಿಯ ಬ್ಯಾಂಡೇಜನ್ನೇ ನೋಡುತ್ತ, “ಅದು ಬಾಗಿಸೋದಲ್ಲ ಕಣೇ. ನಾನು ಚಪ್ಪಡಿ ದಪ್ಪ ಸೇರಿಸೋದು ಮರೆತಿದ್ದೆ” ಎಂದರು. ಅತ್ತೆಗೆ ಅರ್ಥವಾಗಲು ಕೊಂಚ ಸಮಯ ಹಿಡಿಯಿತು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ.

“ಹಾಗಾದ್ರೆ ನಲವತ್ತು ವರ್ಷ ನಾನು ತಲೆ ಬಾಗಿದ್ದು ನಿಮ್ಮ ತಪ್ಪಿಗಾ?”

“ಹೌದು.”

ಎಂಟು ದಿನ ಅವರು ಗಂಡನೊಂದಿಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಆಡಿದ್ದು ಒಂದೇ ಮಾತು: “ನೀವು ಅದನ್ನ ಸರಿ ಮಾಡೋತನಕ ನಾನು ಆ ಮೆಟ್ಟಿಲು ಹತ್ತಲ್ಲ.” ಮಂದಿರವನ್ನು ಬಿಟ್ಟರೆ ಆಕೆಗೆ ಬೇರೆ ಲೋಕವಿರಲಿಲ್ಲ ಎಂಬುದು ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತು. ಮಾವನವರಿಗೆ ಗೊತ್ತಿತ್ತು.

ಮರುದಿನವೇ ಹಿರಿಯರ ಬಳಿ ಹೋಗಿ ತಪ್ಪೊಪ್ಪಿಕೊಂಡು, ಮೆಟ್ಟಿಲು ಸರಿಪಡಿಸಲು ಅಪ್ಪಣೆ ಕೇಳಿದರು. ಹಿರಿಯರು ಒಳ್ಳೆಯವರು, ಆದರೆ ತಮ್ಮ ನಲವತ್ತು ಉಪನ್ಯಾಸಗಳನ್ನು ಒಂದೇ ಏಟಿಗೆ ಬಿಟ್ಟುಕೊಡುವಷ್ಟು ಒಳ್ಳೆಯವರಲ್ಲ. “ತಪ್ಪೋ ಒಪ್ಪೋ, ಜನರ ನಂಬಿಕೆ ಈಗ ಅದರ ಮೇಲಿದೆ. ನಂಬಿಕೆಗೆ ಅಳತೆಗೋಲು ಹಿಡೀತೀರಾ ಮೇಸ್ತ್ರಿ?” ಎಂದರು. ಮಾವನವರು ಮುಂದಿನ ಪ್ರಾರ್ಥನೆಯ ದಿನ ಎಲ್ಲರಿಗಿಂತ ಮೊದಲು ಹೋಗಿ, ಹನ್ನೊಂದನೆಯ ಮೆಟ್ಟಿಲ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ಕೈ ಚಾಚಿದರು. “ಇದು ನನ್ನ ತಪ್ಪು. ಕಾಲು ಸ್ವಲ್ಪ ಎತ್ತಿ ಇಡಿ.”

ಒಂದು ವಾರವಲ್ಲ, ಎರಡು ವಾರವಲ್ಲ, ಹನ್ನೊಂದು ತಿಂಗಳು. ಮೊದಮೊದಲು ಜನ ನಕ್ಕರು, ಕೆಲವರು ಮುದುಕನಿಗೆ ಅರಳುಮರುಳು ಎಂದರು, ಒಬ್ಬಿಬ್ಬರು ದೈವದ್ರೋಹಿ ಎಂದೂ ಗೊಣಗಿದರು. ತನ್ನ ಕೀರ್ತಿಗೆ ತಾನೇ ಕಲ್ಲು ಹಾಕಿಕೊಳ್ಳುವವನನ್ನು ಏನೆಂದು ಬೈಯುವುದು ಎಂದು ತಿಳಿಯದೆ ಬೈಗುಳವೂ ನಿಂತಿತು. ಅತ್ತೆ ಆ ಹನ್ನೊಂದು ತಿಂಗಳೂ ಗಂಜಿಯ ಪಾತ್ರೆಯನ್ನು ಕೆಳಗಿನ ಮೆಟ್ಟಿಲವರೆಗೆ ತರಿಸಿ, ಬೇರೆಯವರ ಕೈಗೆ ಕೊಟ್ಟು, ಬೀದಿಯ ಕಲ್ಲುಬೆಂಚಿನ ಮೇಲೆ ಕುಳಿತು, ಕಿಟಕಿಯಿಂದ ಅರ್ಧಂಬರ್ಧ ಕೇಳಿಬರುವ ಪ್ರಾರ್ಥನೆಗೆ ತುಟಿ ಆಡಿಸುತ್ತಿದ್ದರು. ಗಂಡಹೆಂಡಿರಲ್ಲಿ ಯಾರ ಹಟ ಹೆಚ್ಚಿನದೆಂದು ನಾನು ಮತ್ತು ನನ್ನ ಹೆಂಡತಿ ಎಷ್ಟೋ ಸಲ ಜಗಳವಾಡಿದ್ದೇವೆ. ಮೇಲೊಬ್ಬರು, ಕೆಳಗೊಬ್ಬರು, ನಡುವೆ ಹತ್ತು ಮೆಟ್ಟಿಲು.

ಹನ್ನೆರಡನೆಯ ತಿಂಗಳಲ್ಲಿ ಮಾವನವರಿಗೆ ಜ್ವರ ಬಂತು. ಆ ದಿನ ಅತ್ತೆ ಬೆಂಚಿನಿಂದ ಎದ್ದು, ಬಾಗಿಲಲ್ಲಿದ್ದ ಹಿರಿಯರಿಗೆ ಕೇಳುವಂತೆ ಕೂಗಿ ಹೇಳಿದರು: “ಅವರು ಇವತ್ತು ಬರಲ್ಲ. ನೀವೇ ಸ್ವಲ್ಪ ಕೈ ಕೊಡಿ!” ಅಷ್ಟು ಜನರೆದುರು ಇಲ್ಲವೆನ್ನಲಾಗದೆ ಹಿರಿಯರು ನಿಂತರು. ಸಂಜೆ ಅವರು ಮಾವನವರ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿದ್ದರು.

“ಅರವತ್ತು ಜನ ನನ್ನ ಕೈ ಹಿಡ್ಕೊಂಡ್ರು ಮೇಸ್ತ್ರಿ. ಎಷ್ಟು ಗಟ್ಟಿಯಾಗಿ ಹಿಡ್ಕೊಂಡ್ರು ಅಂದ್ರೆ... ಅದು ಭಕ್ತಿ ಅಲ್ಲ. ಭಯ.” ಆಮೇಲೆ, “ಯಾವಾಗ ಶುರು ಮಾಡ್ತೀರಿ?” ಎಂದರು.

ಜ್ವರ ಪೂರ್ತಿ ಬಿಡುವ ಮೊದಲೇ ಶುರುವಾಯಿತು. ಕೊನೆಯದನ್ನು ಒಡೆದು ಗಿಡ್ಡ ಮಾಡಿದರೆ ಸಾಲದೇ ಎಂದು ನಾನು ಕೇಳಿದೆ. ಮೇಷ್ಟರ ಬುದ್ಧಿ ಎಂಬಂತೆ ನನ್ನನ್ನು ನೋಡಿದರು. ಅದು ಒಳಗಿನ ನೆಲವೇ. ಅದನ್ನು ತಗ್ಗಿಸಬೇಕಾದರೆ ಇಡೀ ಮಂದಿರವನ್ನೇ ತಗ್ಗಿಸಬೇಕು. ಹೆಚ್ಚಾದ ಆ ಹೆಬ್ಬೆರಳನ್ನು ಹನ್ನೊಂದು ಪಾಲು ಮಾಡಿ, ಪ್ರತಿಯೊಂದು ಮೆಟ್ಟಿಲಿಗೂ ಒಂದೊಂದು ಪಾಲು ಹಂಚಬೇಕು. ಮೊದಲನೆಯದನ್ನು ಒಂದು ಪಾಲು ಏರಿಸಿದರೆ ಎರಡನೆಯದನ್ನು ಎರಡು, ಮೂರನೆಯದನ್ನು ಮೂರು. ಎಂದರೆ ಹತ್ತು ಕಲ್ಲನ್ನೂ ಎಬ್ಬಿಸಿ, ಹಳೆಯ ಗಾರೆ ಕೆರೆದು, ಹೊಸದಾಗಿ ಕೂರಿಸಬೇಕು. ಒಂದು ಪಾಲೆಂದರೆ ಉಗುರಿನ ಎರಡರಷ್ಟು ದಪ್ಪ. ಅರವತ್ತೆಂಟರ ಮುದುಕ ಮಂಡಿಯೂರಿ, ಕಿವಿಯನ್ನು ಕಲ್ಲಿಗೆ ಹಚ್ಚಿ ತಟ್ಟಿ ಕೇಳುತ್ತ, ಸರಿಯೆನಿಸದ ಐದನೆಯದನ್ನು ಮೂರು ಸಲ ಎಬ್ಬಿಸಿ ಹತ್ತೊಂಬತ್ತು ದಿನ ದುಡಿದರು. ಕಲ್ಲೆತ್ತಲು ಆಳುಗಳಿದ್ದರು, ಕೂರಿಸುವಾಗ ಮಾತ್ರ ಬೇರೆ ಕೈ ಸೋಕಗೊಡಲಿಲ್ಲ.

ಇಪ್ಪತ್ತನೆಯ ದಿನ ಪ್ರಾರ್ಥನೆಗೆ ಬಂದವರೆಲ್ಲ ಮತ್ತೆ ಎಡವಿದರು! ಕಾಲೆತ್ತಿ ಇಡಿ ಎಂಬುದನ್ನು ಹನ್ನೊಂದು ತಿಂಗಳು ಕೇಳಿ ಕಲಿತ ಅಭ್ಯಾಸಕ್ಕೆ ಹನ್ನೊಂದನೆಯದರಲ್ಲಿ ಕಾಲನ್ನು ಮೇಲೆತ್ತಿ, ಅಲ್ಲಿಲ್ಲದ ಎತ್ತರವನ್ನು ಹುಡುಕಿ, ಧೊಪ್ಪನೆ ನೆಲಕ್ಕಿಳಿಸಿದರು. ಧೊಪ್, ಧೊಪ್ ಎಂದು ಊರಿಗೆ ಊರೇ ಒಳಗೆ ಹೋಯಿತು. ಹಿರಿಯರಿಗೆ ನಗು ತಡೆಯಲಾಗಲಿಲ್ಲ. ಮಾವನವರ ಮುಖ ಬಿಳಿಚಿತು. ಆ ಕ್ಷಣ ಅವರನ್ನು ನೋಡಿ ನನಗೆ ನಿಜಕ್ಕೂ ಅಳು ಬಂತು.

ಕೊನೆಗೆ ಅತ್ತೆ ಬಂದರು. ಮುರಿದು ಕೂಡಿದ ಕೈಯಲ್ಲೇ ಪಾತ್ರೆ ಹಿಡಿದಿದ್ದರು, ಯಾರಿಗೂ ಕೊಡಲಿಲ್ಲ. ಒಂದು ವರ್ಷಕ್ಕೂ ಮೇಲೆ ಹತ್ತದಿದ್ದ ಅವರ ಕಾಲಿಗೆ ಹಳೆಯ ತಪ್ಪು ಮರೆತುಹೋಗಿತ್ತು. ಜೊತೆಯವರೊಡನೆ ಗಂಜಿಗೆ ಉಪ್ಪು ಹೆಚ್ಚಾಗಿರಬಹುದೆಂದು ಏನೋ ಮಾತಾಡುತ್ತ, ಹತ್ತನ್ನೂ ಹನ್ನೊಂದನ್ನೂ ಒಂದೇ ಲಯದಲ್ಲಿ ಹತ್ತಿ, ಮಾತು ಮುಗಿಯುವ ಹೊತ್ತಿಗೆ ಒಳಗಿದ್ದರು. ಗಂಜಿ ತುಳುಕಲಿಲ್ಲ. ಪಾತ್ರೆ ಇಳಿಸಿದ ಮೇಲೆಯೇ ಅವರಿಗೆ ತಾವೆಲ್ಲಿದ್ದೇವೆಂಬುದು ಹೊಳೆದದ್ದು. ತಿರುಗಿ ಗಂಡನನ್ನು ನೋಡಿದರು, ಆಮೇಲೆ ಎರಡೂ ಕೈ ಜೋಡಿಸಿ, ಸಮತಟ್ಟಾದ ನೆಲದ ಮೇಲೆ ನಿಂತು, ನಿಧಾನವಾಗಿ ತಲೆ ಬಾಗಿಸಿದರು.

“ಇವತ್ತು ನಾನೇ ಬಾಗಿದೆ” ಎಂದರು. ಮಾವನವರು ಗೋಡೆಯ ಕಡೆ ತಿರುಗಿಕೊಂಡರು.

ಈಗ ಯಾರೂ ಅಲ್ಲಿ ಎಡವುವುದಿಲ್ಲ, ಆ ಮೆಟ್ಟಿಲಿಗೆ ಹೆಸರೂ ಇಲ್ಲ, ಅದನ್ನು ಕಟ್ಟಿದವರ ಒಳಗಣ್ಣನ್ನು ಯಾರೂ ಹೊಗಳುವುದಿಲ್ಲ. ಒಳ್ಳೆಯ ಹೆಸರನ್ನು ಉಳಿಸಿಕೊಳ್ಳಲು ಹಟ ಹಿಡಿಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ; ಸಲ್ಲದ ಹೆಸರನ್ನು ಹಿಂದಿರುಗಿಸಲು ಬಿಸಿಲು ಮಳೆಯೆನ್ನದೆ ಒಂದೇ ಜಾಗದಲ್ಲಿ ನಿಲ್ಲುವವರು ಅಪರೂಪ. ಆದರೂ ಇದ್ದಾರೆ, ಎಲ್ಲ ಕಸುಬುಗಳಲ್ಲೂ ಇದ್ದಾರೆ, ನಾವು ಯೋಚಿಸದೆ ತಿರುಗಿಸುವ ಬೀಗದ ಹಿಂದೆ, ನೋಡದೆ ಹತ್ತುವ ಮೆಟ್ಟಿಲ ಕೆಳಗೆ. ಇಂಥವರನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಸುಲಭವಲ್ಲ, ಅವರಿಲ್ಲದೆ ಬಾಳುವುದಂತೂ ಆಗದ ಮಾತು. ನಮ್ಮ ಕಾಲು ಎಡವದೆ ನಡೆದಷ್ಟು ದಿನ ಅವರು ಯಾರೆಂದು ನಮಗೆ ತಿಳಿಯುವುದೇ ಇಲ್ಲ.