ಅಂತರಘಟ್ಟಮ್ಮನ ಹೂಂ

ನಲ್ಲೂರಿನ ಅಂತರಘಟ್ಟಮ್ಮನಿಗೆ ಯಾರು ಏನು ಹೇಳಿದರೂ ‘ಹೂಂ’ ಅನ್ನುವ ಅಭ್ಯಾಸ. ಒಪ್ಪಿಕೊಂಡೆ ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ. ನಮ್ಮ ಕಡೆ ಎದುರಿನವರು ಮಾತಾಡುವಾಗ ಹೂಂಗುಟ್ಟದೆ ಕೂತರೆ ಅವರಿಗೆ ಅವಮಾನ ಮಾಡಿದ ಹಾಗೆ. ‘ಏನ್ರಿ, ನಾನು ಗೋಡೆ ಜೊತೆ ಮಾತಾಡ್ತಿದ್ದೀನಾ?’ ಅಂತ ಮುಖ ಊದಿಸಿಕೊಂಡು ಎದ್ದು ಹೋಗುತ್ತಾರೆ. ಹಾಗಾಗಿ ಸಂಘದ ಸಭೆಯಲ್ಲೂ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಂಡಿನೋವಿನ ಪುರಾಣ ಬಿಚ್ಚಿದಾಗಲೂ ಅಂತರಘಟ್ಟಮ್ಮ ಹೂಂ, ಹೂಂ ಅನ್ನುತ್ತಲೇ ಇರುತ್ತಾಳೆ. ಅಂಥವಳು ಇದೇ ಹೂಂನಿಂದ ತಲೆ ತಗ್ಗಿಸಿ ಓಡಾಡುವ ಹಾಗಾಯಿತು. ಅದಕ್ಕೆ ಕಾರಣ ಒಂದು ಫೋನು.

ಆ ಫೋನು ಮಗಳು ರಕ್ಷಾ ಕೊಡಿಸಿದ್ದು. ರಕ್ಷಾಳನ್ನು ನ್ಯಾಮತಿ ಕಡೆಯ ಗೋವಿನಕೋವಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳು ಊರವರ ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಹೊನ್ನಾಳಿಯ ಅಂಗಡಿಯಿಂದ ಫೋನು ತಂದು ಅಮ್ಮನ ಕೈಗಿಟ್ಟಿದ್ದಳು. ‘ಇನ್ನ ಅಪ್ಪ ಹೊಲದಿಂದ ಬರೋವರೆಗೆ ಕಾಯೋದು ಬ್ಯಾಡಮ್ಮ, ದಿನಾ ನನ್ನ ಜೊತೆ ಮಾತಾಡು’ ಎಂದಿದ್ದಳು. ಅಂತರಘಟ್ಟಮ್ಮ ಅದನ್ನು ಕೂಸಿನ ಹಾಗೆ ನೋಡಿಕೊಂಡಳು. ಹಿಟ್ಟಿನ ಕೈಯಲ್ಲಿ ಮುಟ್ಟುತ್ತಿರಲಿಲ್ಲ.

ರಕ್ಷಾ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅಮ್ಮನ ಆಸೆ. ಮಗಳು ಮಾತ್ರ, ‘ತೋರಿಸ್ತಿರೋ ಡಾಕ್ಟ್ರು ಹೊನ್ನಾಳಿಯಾಗೆ ಅವ್ರೆ. ಇಲ್ಲಿಂದಾದ್ರೆ ಹತ್ರ ಆಗ್ತದೆ. ನಾನು ಇಲ್ಲೇ ಇರ್ತೀನಮ್ಮ’ ಎಂದಳು. ಅಂತರಘಟ್ಟಮ್ಮನಿಗೆ ಮೂಗಿನ ತುದಿಗೆ ಸಿಟ್ಟು ಬಂತು. ‘ನಿನ್ನಿಷ್ಟ ಕಣಮ್ಮ, ಹೇಳಾಕೆ ನಾವ್ಯಾರು’ ಎಂದು ಫೋನಿಟ್ಟಳು. ಸಂಜೆಯ ಹೊತ್ತಿಗೆ ಸಿಟ್ಟು ಇಳಿದಿತ್ತು. ಆದರೆ ಫೋನು ಕೆಟ್ಟಿತ್ತು.

ಕೆಟ್ಟಿದ್ದೂ ಎಂಥಾ ಕೆಡುವುದು ಅಂತೀರಿ. ಗಂಟೆ ಹೊಡೆಯುತ್ತಿತ್ತು, ಆ ಕಡೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಈ ಕಡೆಯ ಮಾತು ಮಾತ್ರ ಹೋಗುತ್ತಿರಲಿಲ್ಲ. ರಕ್ಷಾ ಫೋನು ಮಾಡಿದಾಗ ಅಂತರಘಟ್ಟಮ್ಮ, ‘ಹೆಂಗಿದೀಯ ಮಗಾ, ಉಂಡ್ಯಾ’ ಎಂದು ಬಾಯ್ತುಂಬ ಮಾತಾಡಿದಳು. ಆ ಕಡೆಯಿಂದ, ‘ಅಮ್ಮಾ? ಎತ್ತೀಯ, ಮಾತಾಡಲ್ಲ. ಇನ್ನೂ ಸಿಟ್ಟೇನಮ್ಮ?’ ಎಂಬ ದನಿ ಬಂತು. ‘ಇಲ್ಲ ಮಗಾ, ಇಲ್ಲ’ ಎಂದು ಇವಳು ಕೂಗುತ್ತಿರುವಾಗಲೇ ಫೋನು ಕಟ್ಟಾಯಿತು.

ಗಂಡ ದೊಡ್ಡಣ್ಣನ ಫೋನಿನಿಂದ, ಆ ಫೋನು ತಯಾರಿಸಿದ ಕಂಪನಿಯ ಕಸ್ಟಮರ್ ಕೇರಿಗೆ ಮಾಡಿಸಿದಳು. ಮೊದಲು ಒಂದು ಒತ್ತಿ, ಆಮೇಲೆ ಎರಡು ಒತ್ತಿ ಅಂದರು, ಆಮೇಲೆ ಸಂಗೀತ ಹಾಕಿದರು. ದೊಡ್ಡಣ್ಣ ಎರಡು ಬೀಡಿ ಸೇದಿ ಮುಗಿಸಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಗ್ರಂಥದ ಕನ್ನಡದಲ್ಲಿ, ಉಸಿರು ಬಿಡದೆ ಮಾತಾಡಿದಳು. ಅಂತರಘಟ್ಟಮ್ಮ ಮರ್ಯಾದೆಯಿಂದ ಹೂಂ, ಹೂಂ ಎಂದಳು. ಕೊನೆಗೆ ‘ಧನ್ಯವಾದ, ಶುಭದಿನ’ ಎಂದಿತು ಆ ಕಡೆ.

ಮಾರನೇ ದಿನ ಗಂಡ ಹೆಂಡತಿ ಚನ್ನಗಿರಿಗೆ, ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಕೌಂಟರಿನಲ್ಲಿದ್ದವನು ಕಂಪ್ಯೂಟರ್ ನೋಡಿ, ಫೋನನ್ನು ತೆರೆದೂ ನೋಡದೆ ಹಿಂದಕ್ಕೆ ತಳ್ಳಿದ.

‘ನೀರಿಗೆ ಬಿದ್ದಿರೋ ಫೋನಿಗೆ ವಾರಂಟಿ ಬರಲ್ಲಮ್ಮ.’

‘ನೀರಿಗೆ ಯಾವಾಗ ಬಿತ್ತು?’

‘ನೀವೇ ಒಪ್ಕಂಡೀರಲ್ಲ. ಫೋನು ನೀರಿಗೆ ಬಿದ್ದಿತ್ತಾ ಅಂತ ಕೇಳಿದ್ದಕ್ಕೆ ಹೂಂ ಅಂದೀರಿ. ತೊಂದರೆ ಪರಿಹಾರ ಆಯ್ತಾ ಅಂದಿದ್ದಕ್ಕೂ ಹೂಂ ಅಂದೀರಿ. ಕಂಪ್ಲೇಂಟ್ ಕ್ಲೋಸ್ ಆಗೈತೆ. ಈಗ ಬಂದು ಇಲ್ಲ ಅಂದ್ರೆ ಹೆಂಗೆ? ಸುಳ್ಳು ಹೇಳಿ ರಿಪೇರಿ ಮಾಡಿಸ್ಕಳಾಕೆ ದಿನಾ ಬರ್ತಾರೆ ಹಿಂಗೆ.’

ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಅಂತರಘಟ್ಟಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಬಸ್ಸಿನಲ್ಲಿ ದೊಡ್ಡಣ್ಣ, ‘ದೊಡ್ಡ ಕಂಪನಿಯೋರು ಬರ್ದಿಟ್ಟ ಮೇಲೆ ಮುಗೀತು. ಅವ್ರ ಹತ್ರ ವಾದ ಮಾಡಾಕೆ ನಮ್ಮ ಕೈಲಾಗ್ತದಾ? ಊರಾಗೆ ಯಾರಿಗೂ ಹೇಳಬ್ಯಾಡ, ಮರ್ಯಾದೆ ಹೋಗ್ತದೆ’ ಎಂದ. ಅವಳು ಅದಕ್ಕೂ ಹೂಂ ಎಂದಳು. ಪಾತ್ರೆ ತೊಳೆಯುವಾಗ ಒದ್ದೆ ಕೈಯಲ್ಲಿ ತಾನೇ ಮುಟ್ಟಿಬಿಟ್ಟೆನೇನೋ ಎಂದು ಅವಳಿಗೇ ಅನುಮಾನ ಹತ್ತಿತು.

ಮಗಳು ಕೊಟ್ಟ ಫೋನನ್ನು ಹಾಳು ಮಾಡಿದೆ ಎಂದು ಮಗಳಿಗೇ ಹೇಳುವುದು ಹೇಗೆ? ಗಂಡನ ಫೋನಿನಿಂದ ಒಮ್ಮೆ ಮಾಡಿ, ‘ಕೆಲ್ಸ ಜಾಸ್ತಿ ಇತ್ತು, ಮಾತಾಡಾಕೆ ಆಗ್ಲಿಲ್ಲ’ ಎಂದು ಚುಟುಕಾಗಿ ಹೇಳಿ ಇಟ್ಟಳು. ಆ ಚುಟುಕು ಮಾತು ಕೇಳಿದ ರಕ್ಷಾ, ಅಮ್ಮನಿಗೆ ಸಿಟ್ಟು ಇನ್ನೂ ಇದೆ ಎಂದೇ ತಿಳಿದಳು. ಮತ್ತೆ ಫೋನು ಮಾಡಲಿಲ್ಲ.

ಒಂದು ಮಧ್ಯಾಹ್ನ ಅಂತರಘಟ್ಟಮ್ಮ ಜಗುಲಿಯಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಊರಿನ ಗ್ರಂಥಾಲಯ ನೋಡಿಕೊಳ್ಳುವ ಪವಿತ್ರ ಬಂದು ಪಕ್ಕದಲ್ಲಿ ಕೂತಳು. ರಕ್ಷಾ ಶಾಲೆಗೆ ಹೋಗುವಾಗ ಪವಿತ್ರಳ ಹತ್ತಿರವೇ ಪುಸ್ತಕ ಒಯ್ದು ಓದಿದವಳು.

‘ಅಕ್ಕಾ, ರಕ್ಷಾ ಫೋನ್ ಮಾಡಿದ್ಲು. ಅಳ್ತಿದ್ಲು.’

‘ಹೂಂ’ ಎಂದಳು ಅಂತರಘಟ್ಟಮ್ಮ. ಕಣ್ಣು ತೆನೆಯ ಮೇಲಿಂದ ಎತ್ತಲಿಲ್ಲ.

‘ಅಮ್ಮ ಮಾತು ಬಿಟ್ಟವ್ಳೆ ಅಂತಾಳೆ.’

‘ಹೂಂ.’

‘ಅಂದ್ರೆ ನಿಜವಾಗ್ಲೂ ನಿಂಗೆ ಮಗಳ ಮೇಲೆ ಸಿಟ್ಟೈತಾ?’

‘ಹೂಂ.’

ಪವಿತ್ರ ಎದ್ದು ನಿಂತಳು. ‘ಆತು ಬಿಡಕ್ಕ. ತಾಯಿ ಮಗಳ ನಡುವೆ ನಾನ್ಯಾಕೆ ಬರ್ಲಿ. ಹಂಗೇ ಹೇಳ್ತೀನಿ ಅವ್ಳಿಗೆ.’

ಆಗ ಅಂತರಘಟ್ಟಮ್ಮನಿಗೆ ಎಚ್ಚರವಾಯಿತು. ‘ಏ ಪವಿತ್ರಾ, ಕೂತ್ಕಳೆ. ನಾನು ಹೂಂ ಅಂದಿದ್ದು ಅದಕ್ಕಲ್ಲ. ನೀ ಹೇಳೋದು ಕೇಳ್ತಾ ಇದ್ದೆ ಅಷ್ಟೇ’ ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಫೋನು ಕೆಟ್ಟದ್ದು, ಚನ್ನಗಿರಿಯಲ್ಲಿ ಜನ ನಕ್ಕಿದ್ದು, ಮಗಳಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದಳು.

ಪವಿತ್ರ ಪೂರ್ತಿ ಕೇಳಿ, ‘ಕಂಪನಿಯೋರಿಗೂ ಈಗ ನಂಗಂದಂಗೇ ಹೂಂ ಅಂದ್ಯಾ ಅಕ್ಕ?’ ಎಂದಳು.

‘ಹೂಂ’ ಎಂದು, ಅಂತರಘಟ್ಟಮ್ಮ ನಾಲಿಗೆ ಕಚ್ಚಿಕೊಂಡಳು. ‘ಹೌದು ಕಣೆ. ಹಂಗೇ ಅಂದೆ.’

‘ಹಂಗಾದ್ರೆ ನೀನೇನೂ ಸುಳ್ಳು ಹೇಳಿಲ್ಲ. ಅವ್ರು ಫೋನು ತೆರೆದು ನೋಡ್ದೆ ವಾರಂಟಿ ಇಲ್ಲ ಅಂದಿದ್ದೇ ತಪ್ಪು. ಕಂಪನಿ ಕೇಳ್ಲಿಲ್ಲ ಅಂದ್ರೆ ದೂರು ಕೊಡಾಕೆ ಸರ್ಕಾರದ ಗ್ರಾಹಕರ ಸಹಾಯವಾಣಿ ಐತೆ, 1915. ದುಡ್ಡು ಕೊಡಂಗಿಲ್ಲ, ಕನ್ನಡದಾಗೇ ಹೇಳಬಹುದು. ಫೋನಿನ ಬಿಲ್ ಎಲ್ಲೈತೆ?’

ಬಿಲ್ಲು ರಕ್ಷಾಳ ಹತ್ತಿರ ಇತ್ತು. ಬಿಲ್ಲು ಬೇಕೆಂದರೆ ಮಗಳಿಗೆ ನಿಜ ಹೇಳಲೇಬೇಕು. ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ದೊಡ್ಡಣ್ಣ ಹೊರಬಂದು, ‘ಬ್ಯಾಡ ಬಿಡವ್ವ ಪವಿತ್ರಾ. ನಮ್ಮಂಥೋರ ಮಾತು ಯಾರು ಕೇಳ್ತಾರೆ? ಇನ್ನೊಂದು ಸಲ ನಗಿಸ್ಕಳಾಕಾ?’ ಎಂದ. ಆದರೆ ಅಂತರಘಟ್ಟಮ್ಮ ಈ ಸಲ ಹೂಂ ಅನ್ನಲಿಲ್ಲ. ಪವಿತ್ರಳ ಫೋನು ಈಸಿಕೊಂಡಳು.

‘ಮಗಾ, ನಂಗೆ ಸಿಟ್ಟಿಲ್ಲ. ನೀ ಕೊಟ್ಟ ಫೋನು ಕೆಟ್ಟೈತೆ. ನನ್ನ ಮಾತು ನಿಂಗೆ ಕೇಳಿಸ್ತಿರ್ಲಿಲ್ಲ. ನಾನೇ ಕೆಡಿಸಿದ್ನೇನೋ ಅಂತ ಹೇಳಾಕೆ ನಾಚಿಕೆ ಆತು.’

ಆ ಕಡೆಯಿಂದ ರಕ್ಷಾ ಅಳುತ್ತಲೇ ಹೇಳಿದಳು. ‘ಹೋದ ವಾರ ಹೊಟ್ಟೆನೋವು ಬಂದು ಆಸ್ಪತ್ರೆಯಾಗೆ ಮಲಗಿದ್ನಮ್ಮ. ಈಗ ಆರಾಮಾಗಿದೀನಿ. ಅಮ್ಮ ಮಾತಾಡ್ತಿಲ್ಲ, ಅವಳಿಗ್ಯಾಕೆ ಹೇಳ್ಲಿ ಅಂತ ನಾನೂ ಸುಮ್ನಾದೆ.’

ಅಂತರಘಟ್ಟಮ್ಮನಿಗೆ ಚನ್ನಗಿರಿಯ ನಗು ಆಗ ಏನೂ ಅನ್ನಿಸಲಿಲ್ಲ. ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾನು ಇಲ್ಲಿ ಮರ್ಯಾದೆ ಕಾಪಾಡಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ರಕ್ಷಾ ಬಿಲ್ಲಿನ ಫೋಟೋ ಕಳಿಸಿದಳು. ಗ್ರಂಥಾಲಯದಲ್ಲಿ ಕೂತು ಪವಿತ್ರ 1915ಕ್ಕೆ ಮಾಡಿಕೊಟ್ಟಳು. ಏನು ಕೆಟ್ಟಿದೆ, ಎಲ್ಲಿ ಕೊಂಡದ್ದು, ಕಂಪನಿಯವರು ಏನೆಂದರು ಎಂಬುದನ್ನೆಲ್ಲ ಅಂತರಘಟ್ಟಮ್ಮನೇ ಹೇಳಿದಳು. ದೂರಿನ ನಂಬರು ಬಂತು. ದೂರು ಕಂಪನಿಗೆ ಹೋಯಿತು. ಕೆಲವು ದಿನದ ಮೇಲೆ, ದೂರು ಏನಾಯಿತೆಂದು ಕೇಳಲು ಗಂಡ ಹೆಂಡತಿ ಗ್ರಂಥಾಲಯಕ್ಕೆ ಬಂದಿದ್ದಾಗಲೇ, ಪವಿತ್ರಳ ಫೋನಿಗೆ ಕಂಪನಿಯವರೇ ಮಾಡಿದರು. ಗ್ರಂಥಾಲಯದಲ್ಲಿ ಪೇಪರ್ ಓದುತ್ತಿದ್ದವರೆಲ್ಲ ಕಿವಿ ನಿಮಿರಿಸಿದರು. ದೊಡ್ಡಣ್ಣ ಬಾಗಿಲ ಹತ್ತಿರ ನಿಂತಿದ್ದ, ಬೇಕಾದರೆ ಓಡಿಹೋಗಲಿಕ್ಕೆ.

‘ಮೇಡಂ, ತಮ್ಮ ಫೋನು ನೀರಿಗೆ ಬಿದ್ದಿತ್ತೇ?’ ಎಂದು ಅದೇ ಗ್ರಂಥದ ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ಕೇಳಿದಳು.

ಅಂತರಘಟ್ಟಮ್ಮನ ಗಂಟಲಿನ ತನಕ ಹೂಂ ಬಂದಿತ್ತು. ಅದನ್ನು ನುಂಗಿಕೊಂಡಳು. ‘ಇಲ್ಲ.’

‘ಹಿಂದಿನ ಕರೆಯಲ್ಲಿ ಹೌದು ಎಂದಿದ್ದೀರಿ.’

‘ಹೌದು ಅಂದಿಲ್ಲ ಕಣಮ್ಮ, ಹೂಂ ಅಂದೀನಿ. ನೀವು ಮಾತಾಡ್ತಿದ್ರಿ, ಕೇಳ್ತಾ ಇದೀನಿ ಅಂತ ಹೂಂ ಅಂದೆ. ನಿಮ್ಮನೇಲಿ ಯಾರೂ ಹಂಗೆ ಅನ್ನಲ್ವಾ?’

ಆ ಹೆಣ್ಣುಮಗಳು ಗ್ರಂಥದ ಕನ್ನಡ ಬಿಟ್ಟು, ‘ಅಂತಾರಮ್ಮ, ನಮ್ಮಜ್ಜಿ ಅಂತಾರೆ’ ಎಂದಳು. ಫೋನನ್ನು ತೆರೆದು ಪರೀಕ್ಷೆ ಮಾಡಲು ಹೇಳುತ್ತೇನೆ ಎಂದಳು.

ಚನ್ನಗಿರಿಯಲ್ಲಿ ಅದೇ ಕೌಂಟರಿನವನು ಇವರ ಕಣ್ಣೆದುರೇ ಫೋನು ಬಿಚ್ಚಿದ. ನೀರಿನ ಗುರುತೇ ಇರಲಿಲ್ಲ. ‘ಮೈಕಿನ ಬೆಸುಗೆ ಮೊದ್ಲಿಂದ್ಲೂ ಸಡಿಲ ಇತ್ತು, ಈಗ ಬಿಟ್ಟೈತೆ, ಕಂಪನಿದೇ ತಪ್ಪು’ ಎಂದು ಗೊಣಗಿದ. ಆಗ ದೊಡ್ಡಣ್ಣ ಬಾಯಿ ಬಿಟ್ಟ. ‘ಸ್ವಲ್ಪ ಜೋರಾಗಿ ಹೇಳ್ರಿ. ಅವತ್ತು ಜೋರಾಗೇ ಹೇಳಿದ್ರಿ.’ ಅವನು ತಲೆ ತಗ್ಗಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಪುಕ್ಕಟೆಯಾಗಿ ಹೊಸ ಮೈಕು ಹಾಕಿಕೊಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಣ್ಣ ಹೆಂಡತಿಯ ಮುಖ ನೋಡದೆ, ‘ನಾನೇ ನಿನ್ನ ಬಾಯಿ ಮುಚ್ಚಿಸಿದ್ದೆ’ ಎಂದ.

ಅಂತರಘಟ್ಟಮ್ಮ ಬಸ್ಸಿನಲ್ಲೇ ಮಗಳಿಗೆ ಫೋನು ಮಾಡಿದಳು. ‘ಕೇಳಿಸ್ತೈತಾ ಮಗಾ?’

‘ಕೇಳಿಸ್ತೈತಮ್ಮ. ಬಾಣಂತನಕ್ಕೆ ನೀನೇ ಇಲ್ಲಿಗೆ ಬಾ. ಬರ್ತೀಯಾ?’

‘ಹೂಂ.’

‘ಬರೀ ಹೂಂ ಬ್ಯಾಡ. ಬಾಯ್ಬಿಟ್ಟು ಹೇಳಮ್ಮ.’

‘ಬರ್ತೀನಿ ಕಣೆ. ಬಂದೇ ಬರ್ತೀನಿ.’

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೊಂಡ ವಸ್ತು ಕೆಟ್ಟರೆ ನಾಚಿಕೆಪಡಬೇಕಾದವರು ನೀವಲ್ಲ. ಬಿಲ್ಲನ್ನು ಬಿಸಾಡಬೇಡಿ, ಅದರ ಫೋಟೋ ತೆಗೆದಿಡಿ. ಕಸ್ಟಮರ್ ಕೇರಿನವರು ಕೇಳಿದ್ದು ಅರ್ಥವಾಗದಿದ್ದರೆ ‘ಇನ್ನೊಂದು ಸಲ ನಿಧಾನಕ್ಕೆ ಹೇಳಿ’ ಅನ್ನಿ. ಆದದ್ದು ಆದ ಹಾಗೆ ಹೇಳಿ, ದೂರಿನ ನಂಬರು ಕೇಳಿ ಇಟ್ಟುಕೊಳ್ಳಿ. ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ 1915ಕ್ಕೆ ಫೋನು ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲೆಯಲ್ಲಿ ಗ್ರಾಹಕರ ಆಯೋಗ ಇದೆ, ವಕೀಲರಿಲ್ಲದೆ ನೀವೇ ಅಲ್ಲಿ ದೂರು ಕೊಡಬಹುದು. ಮನೆಯವರಿಂದ ಮಾತ್ರ ಏನನ್ನೂ ಮುಚ್ಚಿಡಬೇಡಿ.

ಇಷ್ಟು ಹೊತ್ತು ಕಥೆಗೆ ಹೂಂ ಅಂದಿರಿ, ಸಂತೋಷ. ನಾಳೆ ಕಂಪನಿಯವರು ಕೇಳಿದಾಗ ಹೌದಾದರೆ ಹೌದು ಅನ್ನಿ, ಇಲ್ಲವಾದರೆ ಇಲ್ಲ ಅನ್ನಿ.