ಕಲ್ಲು ಎಂದು ಹೇಳಿದ್ದೆವು

ಅಕ್ಕನ ಶಾಲಿನ ಅಂಚಿನಲ್ಲಿ ಬಿಸ್ಕತ್ತಿನ ಪುಡಿ ಇತ್ತು. ಎರಡು ಮೂರು ಕಣ, ಅಷ್ಟೇ. ಬೇರೆಯವರ ಕಣ್ಣಿಗೆ ಬೀಳುತ್ತಿರಲಿಲ್ಲ. ನನ್ನ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಬೇರೇನೂ ಕಾಣದಾಯಿತು.

ನಾವು ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯ ಹೊರಗೆ ಕೂತಿದ್ದೆವು. ಅಂದಿನ ಮೊದಲ ಸರದಿ ಅಕ್ಕನದು. ಹಿಂದಿನ ರಾತ್ರಿಯ ಊಟದ ನಂತರ ಅವಳು ಏನೂ ತಿನ್ನಬಾರದಿತ್ತು. ಬೆಳಿಗ್ಗೆ ನಾನು ಕೌಂಟರಿನ ಸಾಲಿನಲ್ಲಿದ್ದೆ, ಭಾವ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಅಷ್ಟು ಹೊತ್ತು ಅವಳು ಒಬ್ಬಳೇ ಇದ್ದಳು. ಕ್ಯಾಂಟೀನು ಅಲ್ಲೇ ಎದುರಿಗೆ.

"ಅಕ್ಕಾ, ಏನಾದ್ರೂ ತಿಂದ್ಯಾ?"

"ಶುರುವಾಯ್ತು ಭೂತಗನ್ನಡಿ," ಎಂದಳು. ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆ ನಾನು ಸೇರಿದಾಗ ಅವಳೇ ಇಟ್ಟ ಹೆಸರು. "ಎರಡು ಬಿಸ್ಕತ್ತು. ಸರಿ, ನಾಲ್ಕು. ಒಂದು ಲೋಟ ಟೀ. ನಂಗೆ ಹಸಿವು ಅಂತ ಆಗಿ ಎಷ್ಟು ದಿನ ಆಗಿತ್ತು ಗೊತ್ತಾ? ಇವತ್ತು ಆಯ್ತು. ಬಿಡ್ತೀನಾ?"

"ಸಿಸ್ಟರ್ ಕೇಳಿದಾಗ ಇಲ್ಲ ಅಂದ್ಯಲ್ಲ."

"ಹೌದು ಅಂದ್ರೆ ಪಾಠ ಮಾಡ್ತಾರೆ. ಒಂದು ಕಲ್ಲು ತೆಗೆಯೋಕೆ ಇಷ್ಟು ರಂಪ ಯಾಕೇ? ನೀನು ಬಾಯಿ ಮುಚ್ಕೊಂಡು ಕೂತ್ಕೋ."

ಕಲ್ಲು. ಆ ಮಾತು ನಮ್ಮದು.

ಅಕ್ಕನ ಹೊಟ್ಟೆಯಲ್ಲಿ ಕಲ್ಲು ಇರಲಿಲ್ಲ. ಪಿತ್ತ ಕರುಳಿಗೆ ಇಳಿಯುವ ನಾಳ ಮೇದೋಜೀರಕ ಗ್ರಂಥಿಯ ಹತ್ತಿರ, ಯಾರೋ ಹಿಸುಕಿ ಹಿಡಿದ ಹಾಗೆ ಕಿರಿದಾಗಿತ್ತು. ಕಾಮಾಲೆ ಬಂದದ್ದು ಅದರಿಂದ. ಎಂಆರ್‌ಐ ಚಿತ್ರದಲ್ಲಿ ಅದು ಬರೀ ಒಂದು ನೆರಳು. ಎಕ್ಸ್‌ರೇ ನೋಡಿಕೊಂಡು ನಾಳದೊಳಗೆ ಸಣ್ಣ ಬ್ರಷ್ಷು ತೂರಿಸಿ ಎರಡು ಸಲ ಜೀವಕೋಶ ಕೆರೆದು ತೆಗೆದಿದ್ದರು. ಎರಡು ಸಲವೂ ಖಚಿತವಾಗಿ ಹೇಳಲಾಗದು ಎಂಬ ವರದಿ ಬಂತು. ಪಿತ್ತ ಇಳಿಯಲೆಂದು ಒಂದು ಕೊಳವೆಯನ್ನು ಒಳಗೇ ಬಿಟ್ಟಿದ್ದರಿಂದ ಕಣ್ಣಿನ ಹಳದಿ ಸ್ವಲ್ಪ ತಿಳಿಯಾಗಿತ್ತು. ಆ ಹಾಳು ಹಸಿವು ಮರಳಿದ್ದೂ ಅದರಿಂದಲೇ ಇರಬೇಕು.

ಕ್ಯಾನ್ಸರ್ ಇರಬಹುದು, ಬರೀ ಉರಿಯೂತವೂ ಇರಬಹುದು. ಇನ್ನು ಕಾಯುವುದು ಅಪಾಯ ಎಂದು ಸರ್ಜನ್ ಮುಂದಿನ ಸೋಮವಾರಕ್ಕೆ ದೊಡ್ಡ ಆಪರೇಷನ್ ಗೊತ್ತು ಮಾಡಿದ್ದರು. ನಾಳ, ಮೇದೋಜೀರಕದ ತಲೆಭಾಗ, ಕರುಳಿನ ಒಂದು ತುಂಡು, ಎಲ್ಲ ತೆಗೆಯಬೇಕು. ಉರಿಯೂತವಾಗಿದ್ದರೆ ಮಾತ್ರೆಯಲ್ಲಿ ಹೋಗುವ ಕಾಯಿಲೆಗೆ ಅಷ್ಟನ್ನೂ ಕತ್ತರಿಸಿದಂತೆ. ಅದಕ್ಕೆ ಮೊದಲು ಉಳಿದಿದ್ದು ಇವತ್ತಿನ ಪರೀಕ್ಷೆ ಒಂದೇ. ಬಾಯಿಯಿಂದ ಇಳಿಸುವ ಎಂಡೋಸ್ಕೋಪಿನ ಕೊಳವೆಯೊಳಗಿಂದಲೇ ಇನ್ನೊಂದು ಕ್ಯಾಮೆರಾ, ಬಳಪದ ಕಡ್ಡಿಗಿಂತ ಸಪೂರದ್ದು, ನಾಳದೊಳಕ್ಕೆ ಹೋಗುತ್ತದೆ. ನೆರಳನ್ನಲ್ಲ, ಗೋಡೆಯನ್ನೇ ಕಣ್ಣಾರೆ ನೋಡಿ, ಬೇಕಾದ ಜಾಗದಿಂದಲೇ ಚೂರು ಚಿವುಟಿ ತರುತ್ತದೆ. ಅದನ್ನು ಬಲ್ಲ ವೈದ್ಯೆ ಬೇರೆ ಊರಿನವರು. ಬಂದದ್ದು ಇದೊಂದು ದಿನಕ್ಕೆ, ಸಂಜೆ ಹೊರಟುಬಿಡುತ್ತಾರೆ.

ಇದ್ಯಾವುದೂ ಅವಳಿಗೆ ಬೇಡ ಎಂದವರು ಭಾವ. "ತಿಳಿದ್ರೆ ಅರ್ಧ ಜೀವ ಆಗ್ತಾಳೆ ಕಣಮ್ಮಾ," ಎಂದಿದ್ದರು. ಡ್ರೈವಿಂಗ್ ಸ್ಕೂಲ್ ನಡೆಸುವ, ಲಾರಿಗಳ ನಡುವೆ ಹೊಸಬರ ಪಕ್ಕ ಕೂತು ಬಾಳೆಹಣ್ಣು ತಿನ್ನುವ ನನ್ನ ಅಕ್ಕ ಅರ್ಧ ಜೀವ ಆಗುವವಳಲ್ಲ ಎಂದು ಗೊತ್ತಿದ್ದೂ ನಾನು ತಲೆಯಾಡಿಸಿದ್ದೆ. ಸುಳ್ಳು ನಿಲ್ಲಬೇಕೆಂದರೆ ಅದರ ಸುತ್ತಲಿನ ನಿಜಗಳನ್ನೂ ಸವರಬೇಕಾಗುತ್ತದೆ. ಮಂಪರು ಕೊಟ್ಟಾಗ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಎರವಾಗಬಹುದು ಎಂದು ಆಸ್ಪತ್ರೆಯವರು ಫೋನಿನಲ್ಲಿ ಬಿಡಿಸಿ ಹೇಳಿದ್ದರು. ಭಾವ ಅವಳಿಗೆ ದಾಟಿಸಿದ್ದು ಇಷ್ಟೇ: "ಖಾಲಿ ಹೊಟ್ಟೇಲಿ ಬರ್ಬೇಕಂತೆ."

ಭಾವನನ್ನು ಕಾರಿಡಾರಿನ ತಿರುವಿಗೆ ಕರೆದು ಹೇಳಿದೆ. ಕೇಳಿದವರೇ ಕಣ್ಣು ಮುಚ್ಚಿಕೊಂಡರು.

"ನಾಲ್ಕು ಬಿಸ್ಕತ್ತು ತಾನೇ?"

"ಟೀನೂ ಕುಡಿದಿದ್ದಾಳೆ ಭಾವ."

"ಅದೆಲ್ಲ ಅರಗಿರುತ್ತೆ. ಈಗ ಬಾಯಿ ಬಿಟ್ರೆ ಸರದಿ ಹೋಗುತ್ತೆ. ಸರದಿ ಹೋದ್ರೆ ಸೋಮವಾರ ಕೊಯ್ದೇ ಕೊಯ್ತಾರೆ. ನೀನೇ ಯೋಚನೆ ಮಾಡು."

ಯೋಚನೆ ಮಾಡುವುದನ್ನು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಹೇಳಿದರೆ ಒಳಗೆ ನೋಡುವ ಅವಕಾಶ ಹೋಗುತ್ತದೆ, ಹೇಳದಿದ್ದರೆ ಅಕ್ಕನೇ ಹೋಗಬಹುದು. ಅಷ್ಟರಲ್ಲಿ ಸಿಸ್ಟರ್ ಗಾಲಿಮಂಚ ತಂದರು. ಅಕ್ಕ ಶಾಲನ್ನು ನನ್ನ ಕೈಗೆ ಕೊಟ್ಟು ಮಲಗಿದಳು. "ನಿಧಾನಕ್ಕೆ ತಗೊಳ್ಳಿ, ತಿರುವಲ್ಲಿ ಹಾರ್ನ್ ಮಾಡಿ," ಎಂದು ಮಂಚ ತಳ್ಳುವವನಿಗೆ ಹೇಳಿದಳು. ಅವನು ನಕ್ಕ. ಭಾವ ನನ್ನನ್ನೇ ನೋಡುತ್ತಿದ್ದರು.

ಬಾಗಿಲಲ್ಲಿ ಮಂಪರು ಕೊಡುವ ಡಾಕ್ಟರ್ ನಿಂತಿದ್ದರು, ತೆಳ್ಳಗಿನ ಹೆಂಗಸು. ಮಂಚದ ಮುಂದಿನ ಗಾಲಿ ಹೊಸ್ತಿಲು ದಾಟಿತು.

"ಡಾಕ್ಟ್ರೇ, ಇವಳು ಬೆಳಿಗ್ಗೆ ತಿಂದಿದ್ದಾಳೆ," ಎಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿತು.

ಮಂಚ ನಿಂತಿತು. ಅಕ್ಕ ತಲೆ ಎತ್ತಿ, "ಚಾಡಿಕೋರಿ," ಎಂದಳು.

ಡಾಕ್ಟರ್ ಬೈಯಲಿಲ್ಲ. ಅಲ್ಟ್ರಾಸೌಂಡಿನ ಹಿಡಿಕೆಯನ್ನು ಅಕ್ಕನ ಎದೆಗೂಡಿನ ಕೆಳಗೆ ಒತ್ತಿ ಪರದೆಯನ್ನು ನಮ್ಮತ್ತ ತಿರುಗಿಸಿದರು. ಬೂದು ಬಣ್ಣದ ಚೀಲದೊಳಗೆ ಮರಳು ಕದಡಿದಂತೆ ಏನೋ ಅಲುಗಾಡುತ್ತಿತ್ತು. "ನೋಡಿ, ಇದೇ ನಿಮ್ಮ ತಿಂಡಿ," ಎಂದರು. "ಮಂಪರು ಕೊಟ್ಟಿದ್ರೆ ಇದು ಎಲ್ಲಿಗೆ ಬರ್ತಿತ್ತು ಗೊತ್ತಾ?"

ಒಳಗಿನಿಂದ ಕ್ಯಾಮೆರಾದ ವೈದ್ಯೆಯೂ ಬಂದರು. "ಇಷ್ಟು ದೊಡ್ಡ ನಿರ್ಧಾರ ಇದರ ಮೇಲೆ ನಿಂತಿದೆ. ಯಾಕಮ್ಮಾ ಹೀಗ್ ಮಾಡಿದ್ರಿ?"

"ಕಲ್ಲು ತೆಗೆಯೋದರಲ್ಲಿ ಎಂಥ ನಿರ್ಧಾರ ಡಾಕ್ಟ್ರೇ?"

"ಯಾವ ಕಲ್ಲು?"

ಅಕ್ಕ ಭಾವನನ್ನು ನೋಡಿದಳು. ಅವರು ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದಳು. ಕಲಿಯುವವರು ತಪ್ಪು ಗೇರ್ ಹಾಕಿದಾಗ ನೋಡುವ ನೋಟ ಅದು, ಆದರೆ ಅದರಲ್ಲಿ ನಗು ಇರಲಿಲ್ಲ.

"ನೀನು ಹೇಳು. ಸುತ್ತಿ ಬಳಸಬೇಡ."

ಹೇಳಿದೆ. ನಾಳ ಕಿರಿದಾದದ್ದು, ಎರಡು ವರದಿ, ಸೋಮವಾರದ ಆಪರೇಷನ್. ಕ್ಯಾನ್ಸರ್ ಎಂಬ ಪದಕ್ಕೆ ಬಂದಾಗ ಬೇರೆ ಪದ ಹುಡುಕಬೇಕೆನಿಸಿತು. ಹುಡುಕಲಿಲ್ಲ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮಂಚದ ಕಂಬಿಯನ್ನು ಹಿಡಿದುಕೊಂಡು ಎದ್ದು ಕೂತಳು.

"ರಸ್ತೇಲಿ ಗುಂಡಿ ಇದೆ ಅಂತ ಗೊತ್ತಿದ್ದೂ ಹೇಳದೆ, ಓಡಿಸು ಅಂದ್ರಿ. ಇಬ್ರೂ ಸೇರಿ."

"ನಿನ್ನ ಒಳ್ಳೇದಕ್ಕೇ..." ಎಂದರು ಭಾವ.

"ನೀವು ಸುಮ್ನಿರಿ." ಅವಳು ವೈದ್ಯೆಯ ಕಡೆ ತಿರುಗಿದಳು. "ಇವತ್ತು ಆಗುತ್ತಾ?"

ಅವರು ಮಂಪರಿನ ಡಾಕ್ಟರ ಮುಖ ನೋಡಿದರು. ಕೊನೆಯ ಸರದಿಗೆ ಹಾಕಬಹುದು, ಅಷ್ಟರಲ್ಲಿ ಹೊಟ್ಟೆ ಖಾಲಿಯಾಗಬೇಕು; ಈ ಕಾಯಿಲೆಯಲ್ಲಿ ಕೆಲವರಿಗೆ ತಿಂದದ್ದು ಬೇಗ ಇಳಿಯುವುದಿಲ್ಲ; ಪರದೆಯಲ್ಲಿ ಮತ್ತೆ ನೋಡದೆ ಮಾತು ಕೊಡುವುದಿಲ್ಲ ಎಂದರು ಆ ಡಾಕ್ಟರ್.

"ಸರಿ. ಒಂದು ಕರಾರು," ಎಂದಳು ಅಕ್ಕ. "ಒಳಗೆ ಏನು ಕಂಡ್ರೂ ಮೊದಲು ನನಗೆ ಹೇಳ್ಬೇಕು. ಇವರಿಗಲ್ಲ."

"ಮಂಪರು ಪೂರ್ತಿ ಇಳಿದ ಮೇಲೆ, ನಿಮಗೇ ಮೊದಲು," ಎಂದರು ವೈದ್ಯೆ.

ಆ ದಿನ ನಾವು ಮೂವರೂ ಒಂದೇ ಸಾಲಿನಲ್ಲಿ ಕೂತು ಮೂರು ಮನೆಯವರಂತೆ ಇದ್ದೆವು. ಭಾವ ನೀರಿನ ಬಾಟಲಿ ತಂದರು, ಕೊಡಲಾಗದೆ ಹಿಂದಕ್ಕೆ ಇಟ್ಟುಕೊಂಡರು. ಅಕ್ಕ ಎದುರಿನ ಗೋಡೆ ನೋಡುತ್ತಿದ್ದಳು. ನಾನು ಅವಳ ಹೊಟ್ಟೆಯನ್ನು ನೋಡುತ್ತಿದ್ದೆ, ನೋಟದಿಂದಲೇ ಖಾಲಿ ಮಾಡುವವಳ ಹಾಗೆ. ಬಾಗಿಲು ತೆರೆದಾಗಲೆಲ್ಲ ಬೇರೆ ಯಾರನ್ನೋ ಕರೆದರು.

"ಹಾಗೆ ನೋಡ್ಬೇಡವೇ," ಎಂದಳು ಒಮ್ಮೆ. "ಬಿಸ್ಕತ್ತಿಗೆ ನಾಚಿಕೆ ಆಗುತ್ತೆ." ಅದು ಕ್ಷಮಿಸಿದ್ದಲ್ಲ, ನನಗೆ ಗೊತ್ತಿತ್ತು. ಕಣ್ಣನ್ನು ಬಾಗಿಲ ಕಡೆ ತಿರುಗಿಸಿದೆ.

ಮಧ್ಯಾಹ್ನ ಇಳಿದ ಮೇಲೆ ಅಲ್ಟ್ರಾಸೌಂಡಿನ ಹಿಡಿಕೆ ಮತ್ತೆ ಅವಳ ಹೊಟ್ಟೆಯ ಮೇಲೆ ಬಂತು. ಡಾಕ್ಟರ್ ಅವಳನ್ನು ಬಲಕ್ಕೆ ಹೊರಳಿಸಿದರು, ಮತ್ತೆ ಒತ್ತಿದರು. ನಾನು ಪರದೆಯಲ್ಲಿ ಮರಳನ್ನು ಹುಡುಕಿದೆ. ಚೀಲದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಖಾಲಿ," ಎಂದರು ಅವರು. "ಆದ್ರೂ ಉಸಿರಿನ ದಾರಿಗೆ ಟ್ಯೂಬ್ ಹಾಕೇ ಮಾಡ್ತೀನಿ."

ಅಕ್ಕ ಈ ಸಲ ಹಾರ್ನಿನ ಜೋಕು ಹೇಳಲಿಲ್ಲ. ಬಾಗಿಲು ಮುಚ್ಚುವ ಮೊದಲು ತಿರುಗಿ ನನ್ನ ಕೈಯಲ್ಲಿದ್ದ ಶಾಲನ್ನು ನೋಡಿದಳು. ನಾನು ಅದನ್ನು ಮಡಿಸಿದೆ, ಬಿಚ್ಚಿದೆ, ಮಡಿಸಿದೆ.

ಕಿಟಕಿಯ ಹೊರಗೆ ಬಿಸಿಲು ಕೆಂಪಾಗುವ ಹೊತ್ತಿಗೆ ಅವಳನ್ನು ಪಕ್ಕದ ಚೇತರಿಕೆ ಕೋಣೆಗೆ ಒಯ್ದರು. ಬಾಗಿಲಿನ ಗಾಜಿನಲ್ಲಿ ಮಂಚದ ತಲೆಭಾಗ ಮಾತ್ರ ಕಾಣುತ್ತಿತ್ತು. ವೈದ್ಯೆ ಹೊರಬಂದಾಗ ಭಾವ ಧಡಕ್ಕನೆ ಎದ್ದರು. ವೈದ್ಯೆ ಒಂದು ಕ್ಷಣ ನಿಂತು, "ಅವರಿಗೆ ಮಾತು ಕೊಟ್ಟಿದೀನಿ," ಎಂದು, ನಮ್ಮನ್ನು ದಾಟಿ ಚೇತರಿಕೆ ಕೋಣೆಗೆ ಹೋದರು.

ಗಾಜಿಗೆ ಹಣೆ ಹಚ್ಚಿ ನೋಡಿದೆ. ವೈದ್ಯೆ ಕುರ್ಚಿ ಎಳೆದುಕೊಂಡು ಕೂತರು. ಕೂತು ಹೇಳುವ ಮಾತು ಒಳ್ಳೆಯದೋ ಕೆಟ್ಟದ್ದೋ? ಕೈಬೆರಳುಗಳಿಂದ ಒಂದು ಸಣ್ಣ ವೃತ್ತ ಮಾಡಿ ತೋರಿಸಿದರು. ಅಕ್ಕ ಏನೋ ಕೇಳಿದಳು. ಅವರು ತಲೆ ಅಲ್ಲಾಡಿಸಿದರು. ಹೌದೆಂದೋ ಇಲ್ಲವೆಂದೋ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಎಲ್ಲವನ್ನೂ ನೋಡಿ ಹಿಡಿಯುತ್ತಿದ್ದ ನನ್ನ ಕಣ್ಣು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಕೊನೆಗೆ ನಮ್ಮನ್ನು ಒಳಗೆ ಬಿಟ್ಟರು. ಅಕ್ಕನ ತುಟಿ ಒಣಗಿತ್ತು, ಟ್ಯೂಬಿನಿಂದ ದನಿ ಒಡೆದಿತ್ತು. ಭಾವನನ್ನು ನೆಟ್ಟಗೆ ನೋಡಿದಳು.

"ಕಲ್ಲಂತೆ," ಎಂದಳು.

ಭಾವನ ಮುಖ ನೋಡಲಾಗಲಿಲ್ಲ. ಮಂಚದ ಅಂಚಿಗೆ ಕುಸಿದು ಕೂತರು. ಅವಳು ಅವರನ್ನು ಹಾಗೇ ಇರಗೊಟ್ಟಳು, ತನಗೆ ಬೇಕೆನಿಸಿದಷ್ಟು ಹೊತ್ತು.

"ನಿಜ ಮುಚ್ಚಿಟ್ರೆ ಹೇಗಿರುತ್ತೆ, ಗೊತ್ತಾಯ್ತಾ?" ಎಂದಳು ಆಮೇಲೆ, ದನಿ ತಗ್ಗಿಸಿ. "ಗೋಡೆ ನುಣುಪಾಗಿದೆಯಂತೆ. ಕೆಟ್ಟದ್ದಾಗಿದ್ರೆ ಅಡ್ಡಾದಿಡ್ಡಿ ರಕ್ತನಾಳ ಬೆಳೆದಿರುತ್ತಂತೆ, ಅದು ಕಾಣಲಿಲ್ಲವಂತೆ. ಉರಿಯೂತದ ಹಾಗಿದೆ ಅಂದ್ರು. ಹಾಗಿದೆ ಅಂದ್ರು, ಹೌದು ಅನ್ನಲಿಲ್ಲ. ಚೂರು ತೆಗೆದಿದ್ದಾರೆ, ಅದರ ವರದಿ ಬರೋವರೆಗೂ ಕತ್ತಿ ಎತ್ತೋದು ಬೇಡ ಅಂತ ಸರ್ಜನ್ನಿಗೆ ಅವರೇ ಹೇಳಿದ್ದಾರೆ. ಸೋಮವಾರ ಇಲ್ಲ."

ಭಾವ ಅವಳ ಪಾದದ ಮೇಲೆ ಕೈಯಿಟ್ಟರು. ಅವಳು ಪಾದ ಎಳೆದುಕೊಳ್ಳಲಿಲ್ಲ.

"ವರದಿ ಬಂದಾಗ ಫೋನು ನನಗೇ ಬರುತ್ತೆ," ಎಂದಳು. "ಏನಿದ್ರೂ ನಾನೇ ನಿಮಗೆ ಹೇಳ್ತೀನಿ. ಇದ್ದದ್ದು ಇದ್ದ ಹಾಗೆ."

ನಾನು ಶಾಲು ಹೊದಿಸಲು ಹೋದೆ. ಅವಳು ಅದರ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇದನ್ನಾದ್ರೂ ಕೊಡವಬಾರದಿತ್ತೇನೇ, ಭೂತಗನ್ನಡಿ?"